ಎಂಟು ಕೆಂಪು ಗೆರೆಗಳು: ಕನ್ನಡ ಮಾಸ್ತರರಿಗೆ ಗಂಗಾವತಿಯಿಂದ ಒಂದು ಬಹಿರಂಗ ಪತ್ರ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಕನ್ನಡ ಮಾಸ್ತರರೆ, ಅಕ್ಕೋರೆ,



ನಾನೂ ನಿಮ್ಮವನೇ. ಗಂಗಾವತಿ ಸುತ್ತಲಿನ ಹಳ್ಳಿ ಸಾಲಿಗಳಲ್ಲಿ ಬಹಳ ವರ್ಷ ಕನ್ನಡ ಹೇಳಿಕೊಟ್ಟು ಈಗ ಮನೆಯಲ್ಲಿ ಕೂತಿದ್ದೇನೆ. ಸೇವೆಯಲ್ಲಿದ್ದಾಗ ನನ್ನ ಜೇಬಿನಲ್ಲಿ ಎರಡು ಪೆನ್ನು ಇರುತ್ತಿದ್ದವು. ಹಾಜರಿಗೆ ನೀಲಿ, ತಪ್ಪಿಗೆ ಕೆಂಪು. ಈ ಪತ್ರ ಆ ಕೆಂಪು ಪೆನ್ನಿನ ಬಗ್ಗೆ.

ಒಮ್ಮೆ ಏಳನೇ ತರಗತಿಯ ಮಕ್ಕಳಿಗೆ ‘ನಮ್ಮ ಹೊಲ’ ಅಂತ ಪ್ರಬಂಧ ಬರೆಯಲು ಹೇಳಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗ ಮೂರು ವಾಕ್ಯ ಬರೆದುಕೊಂಡು ಬಂದ. “ನಮ್ಮಪ್ಪ ಹೊಲದಾಗ ನೆಲ್ಲು ಹಚ್ಯಾನ. ಕಾಲುವ್ಯಾಗ ನೀರು ಬರಾಕತ್ತೈತಿ. ಅವ್ವ ಮನ್ಯಾಗ ರೊಟ್ಟಿ ಮಾಡಾಕತ್ಯಾಳ.” ಒಟ್ಟು 11 ಪದ. ನಾನು 8 ಪದಗಳ ಕೆಳಗೆ ಕೆಂಪು ಗೆರೆ ಎಳೆದೆ. ಹೊಲದಾಗ ಹೊಲದಲ್ಲಿ ಆಯಿತು, ನೆಲ್ಲು ಭತ್ತ ಆಯಿತು, ಹಚ್ಯಾನ ಅನ್ನುವುದು ನಾಟಿ ಮಾಡಿದ್ದಾರೆ ಆಯಿತು. ಅವ್ವನನ್ನೂ ಬಿಡಲಿಲ್ಲ, ತಾಯಿ ಮಾಡಿದೆ. ಗೆರೆ ಇಲ್ಲದೆ ಉಳಿದದ್ದು ಅಪ್ಪ, ನೀರು, ರೊಟ್ಟಿ ಮಾತ್ರ. ಹುಡುಗ ನೋಟ್‌ಬುಕ್ ತೆಗೆದುಕೊಂಡು ಹೋಗಿ ಕೂತ. ಮುಂದಿನ ವಾರದ ಪ್ರಬಂಧವನ್ನು ಗೈಡಿನಿಂದ ಇಳಿಸಿಕೊಂಡು ಬಂದಿದ್ದ. ಅದರಲ್ಲಿ ಒಂದೂ ತಪ್ಪಿರಲಿಲ್ಲ. ಅವನ ಹೊಲವೂ ಇರಲಿಲ್ಲ. ನಾನು ಒಳ್ಳೆಯ ಅಂಕ ಕೊಟ್ಟೆ.

ಆ ಮೂರು ವಾಕ್ಯ ನನ್ನನ್ನು ಬಿಟ್ಟಿಲ್ಲ. ಅವುಗಳಲ್ಲಿ ತಪ್ಪೇ ಇರಲಿಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ತಡವಾಗಿತ್ತು. ತಿಳಿಸಿಕೊಟ್ಟವರು ಜಿನೀವಾ ಊರಿನ ಒಬ್ಬ ಮಾಸ್ತರರು. ಹೆಸರು ಫರ್ಡಿನಾಂಡ್ ಡಿ ಸೊಸ್ಯೂರ್. ಭಾಷೆಯ ಅಧ್ಯಯನದಲ್ಲಿ ರಚನಾವಾದ ಎನ್ನುವುದಕ್ಕೆ ಬುನಾದಿ ಹಾಕಿದವರು. ಎಂ.ಎ. ಓದುವಾಗ ಅವರ ಹೆಸರನ್ನು ನಾವೆಲ್ಲ ಪರೀಕ್ಷೆಗೆ ಉರು ಹೊಡೆದಿದ್ದೇವೆ. ಸೂಚಕ, ಸೂಚಿತ, ಲಾಂಗ್, ಪರೋಲ್ ಅಂತ ನಾಲ್ಕು ಶಬ್ದ ಬರೆದರೆ ಅಂಕ ಸಿಗುತ್ತಿತ್ತು. ಆದರೆ ಆ ನಾಲ್ಕು ಶಬ್ದಕ್ಕೂ ನಮ್ಮ ತರಗತಿಯ ಹಿಂದಿನ ಬೆಂಚಿಗೂ ಸಂಬಂಧ ಇದೆ ಎಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇವತ್ತು ಆ ಸಂಬಂಧವನ್ನು ನಿಮ್ಮ ಮುಂದೆ ಬಿಚ್ಚಿಡಬೇಕು.

ಸೊಸ್ಯೂರ್ ಹುಟ್ಟಿದ್ದು 1857ರಲ್ಲಿ. ಓದಿದ್ದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. 1880ರಲ್ಲಿ ಅವರಿಗೆ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧ ಸಂಸ್ಕೃತದ ಷಷ್ಠೀ ವಿಭಕ್ತಿಯ ಒಂದು ವಿಶೇಷ ಬಳಕೆಯ ಮೇಲಿನದು. ಮುಂದೆ ಪ್ಯಾರಿಸ್‌ನಲ್ಲಿ ಹತ್ತು ವರ್ಷ ಕಲಿಸಿ, 1891ರಲ್ಲಿ ಜಿನೀವಾಕ್ಕೆ ಮರಳಿ ಅಲ್ಲಿ ಸಂಸ್ಕೃತ ಹೇಳಿಕೊಟ್ಟರು. ಭಾಷೆಯನ್ನು ಕಟ್ಟಡವೊಂದರ ನಕ್ಷೆಯ ಹಾಗೆ ನೋಡುವುದು ಪಾಣಿನಿಗೆ ಗೊತ್ತಿತ್ತು. ಸುಮಾರು 4,000 ಸೂತ್ರಗಳಲ್ಲಿ ಅವನು ಮಾಡಿದ್ದು ಅದೇ. ಸಂಸ್ಕೃತ ಬಲ್ಲ ಸೊಸ್ಯೂರ್‌ಗೆ ಆ ಪರಂಪರೆ ಹೊಸದಾಗಿರಲಿಲ್ಲ.

ಅವರ ಮೊದಲ ಸಾಹಸ ಇನ್ನೂ ಮುಂಚಿನದು. 1878ರಲ್ಲಿ, 21 ವರ್ಷದ ಹುಡುಗನಾಗಿದ್ದಾಗ, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಮೂಲದಲ್ಲಿದ್ದ ಸ್ವರಗಳ ಬಗ್ಗೆ ಒಂದು ಪುಸ್ತಕ ಬರೆದರು. ಸ್ವರಗಳು ಎಲ್ಲೆಲ್ಲಿ ಹೇಗೆ ಬದಲಾಗುತ್ತವೆ ಎಂದು ಸಾಲು ಹಿಡಿದು ಜೋಡಿಸುತ್ತ ಹೋದಾಗ ಆ ಸಾಲಿನಲ್ಲಿ ಖಾಲಿ ಜಾಗಗಳು ಕಂಡವು. ಈಗ ಯಾವ ಭಾಷೆಯಲ್ಲೂ ಕೇಳದ ಕೆಲವು ಧ್ವನಿಗಳು ಹಿಂದೊಮ್ಮೆ ಅಲ್ಲಿ ಇದ್ದಿರಲೇಬೇಕು ಎಂದು ಹೇಳಿದರು. ಕಣ್ಣಿಗೆ ಕಾಣದ್ದನ್ನು ಲೆಕ್ಕದಿಂದ ಹೇಳಿದ್ದನ್ನು ಬಹಳ ಜನ ನಂಬಲಿಲ್ಲ. ಆಮೇಲೆ ತುರ್ಕಿಯ ನೆಲದಲ್ಲಿ ಹಿಟ್ಟೈಟ್ ಭಾಷೆಯ ಮಣ್ಣಿನ ಹಲಗೆಗಳು ಸಿಕ್ಕವು. 1915ರಲ್ಲಿ ಅವುಗಳ ಭಾಷೆಯೂ ಸಂಸ್ಕೃತ, ಗ್ರೀಕ್ ಭಾಷೆಗಳ ಕುಲದ್ದೇ ಎಂದು ತಿಳಿಯಿತು. 1927ರಲ್ಲಿ ಪೋಲೆಂಡಿನ ಕುರಿಲೋವಿಚ್ ಎಂಬ ವಿದ್ವಾಂಸರು, ಸೊಸ್ಯೂರ್ ತೋರಿಸಿದ್ದ ಖಾಲಿ ಜಾಗದಲ್ಲೇ ಆ ಹಲಗೆಗಳಲ್ಲಿ ಒಂದು ಧ್ವನಿ ಕೂತಿರುವುದನ್ನು ತೋರಿಸಿಕೊಟ್ಟರು. ಅಷ್ಟರಲ್ಲಿ ಸೊಸ್ಯೂರ್ ತೀರಿಹೋಗಿ 14 ವರ್ಷ ಆಗಿತ್ತು.

ಹೊಲದಲ್ಲಿ ಸಾಲು ಹಿಡಿದು ಸಸಿ ಹಚ್ಚುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಸಾಲು ಸರಿಯಾಗಿದ್ದರೆ ಎಲ್ಲಿ ಸಸಿ ಹೋಗಿದೆ ಎಂದು ಬದುವಿನ ಮೇಲೆ ನಿಂತೇ ಹೇಳಬಹುದು. ಭಾಷೆಯಲ್ಲಿ ಅಂಥ ಸಾಲು ಇದೆ ಎನ್ನುವುದೇ ರಚನಾವಾದದ ಮೂಲ ಮಾತು. ಒಂದು ಧ್ವನಿಗೆ, ಒಂದು ಪದಕ್ಕೆ ಒಂಟಿಯಾಗಿ ಬೆಲೆಯಿಲ್ಲ. ಅಕ್ಕಪಕ್ಕದವುಗಳಿಂದ ಅದು ಹೇಗೆ ಬೇರೆ ಎನ್ನುವುದರಲ್ಲೇ ಅದರ ಬೆಲೆ ಇರುತ್ತದೆ.

ಸೊಸ್ಯೂರ್ ಇದಕ್ಕೆ ಚದುರಂಗದ ಹೋಲಿಕೆ ಕೊಡುತ್ತಿದ್ದರು. ನಾನು ಗುಡಿಯ ಕಟ್ಟೆಯ ಮೇಲಿನ ಹುಲಿ-ಕುರಿ ಆಟ ಹೇಳುತ್ತೇನೆ. ಮಕ್ಕಳು ಕಲ್ಲುಹಾಸಿನ ಮೇಲೆ ಗೆರೆ ಕೊರೆದು ಆಡುತ್ತಾರೆ. ಹುಲಿಗೆ ದೊಡ್ಡ ಹರಳು, ಕುರಿಗೆ ಹುಣಸೆಬೀಜ. ಹುಲಿಯ ಹರಳು ಕಳೆದರೆ ಬಳೆಯ ಚೂರು ಇಟ್ಟು ‘ಇದs ಹುಲಿ’ ಅಂತ ಆಟ ಮುಂದುವರಿಸುತ್ತಾರೆ. ಹರಳಿನಲ್ಲಿ ಹುಲಿತನ ಎಂಬುದೇನೂ ಇಲ್ಲ. ಹುಲಿಯೂ ಕುರಿಯೂ ಬೇರೆ ಬೇರೆ ಕಾಣಬೇಕು, ಯಾವುದು ಹೇಗೆ ನಡೆಯುತ್ತದೆ ಎಂದು ಆಡುವ ಇಬ್ಬರಿಗೂ ಗೊತ್ತಿರಬೇಕು, ಅಷ್ಟೇ. ಬಳೆಚೂರಿನ ಹುಲಿಯನ್ನು ನೋಡಿ ‘ಇದು ಅಶುದ್ಧ ಹುಲಿ’ ಎಂದು ಯಾವ ಮಗುವೂ ಹೇಳುವುದಿಲ್ಲ. ನಾವು ಹೇಳುತ್ತೇವೆ.

ಈಗ ಆ ಹುಡುಗನ ನೆಲ್ಲಿಗೆ ಬರುತ್ತೇನೆ. ಗಂಗಾವತಿಯ ಯಾವುದಾದರೂ ರೈಸ್ ಮಿಲ್ಲಿನ ಅಂಗಳಕ್ಕೆ ಸುಗ್ಗಿಯ ಹೊತ್ತಿಗೆ ಹೋಗಿ ನಿಲ್ಲಿರಿ. ಎದುರಿಗೆ ಒಂದು ರಾಶಿ. ಚೀಲ ಹೊರುವ ಹಮಾಲ ಅದನ್ನು ನೆಲ್ಲು ಅನ್ನುತ್ತಾನೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಮೇಲೆ ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ಮನೆತನದ ರೈತ ವಡ್ಲು ಅನ್ನುತ್ತಾನೆ. ಉರ್ದು ಮನೆಮಾತಿನ ಲಾರಿ ಡ್ರೈವರ್ ಧಾನ್ ಅನ್ನುತ್ತಾನೆ. ಮಿಲ್ಲಿನ ಗುಮಾಸ್ತ ಬಿಲ್ಲಿನಲ್ಲಿ ಪ್ಯಾಡಿ ಎಂದು ಬರೆಯುತ್ತಾನೆ. ಮಗನ ಪಠ್ಯಪುಸ್ತಕದಲ್ಲಿ ಅದು ಭತ್ತ. ಐದು ಹೆಸರು, ಒಂದೇ ರಾಶಿ. ಯಾವ ಹೆಸರಿನಲ್ಲೂ ಆ ಕಾಳಿನ ವಾಸನೆ ಇಲ್ಲ. ಪದದ ಧ್ವನಿಗೂ (ಸೂಚಕ) ಅದು ಮನಸ್ಸಿಗೆ ತರುವ ಅರ್ಥಕ್ಕೂ (ಸೂಚಿತ) ನಡುವೆ ಇರುವ ಗಂಟು ಜನ ಕಟ್ಟಿದ್ದು, ಪ್ರಕೃತಿ ಕಟ್ಟಿದ್ದಲ್ಲ ಎಂದು ಸೊಸ್ಯೂರ್ ಜಿನೀವಾದ ತರಗತಿಯಲ್ಲಿ ಬಿಡಿಸಿ ಹೇಳಿದ್ದನ್ನು ನಮ್ಮ ಮಿಲ್ಲಿನ ಅಂಗಳ ದಿನಾ ತೋರಿಸುತ್ತದೆ.

ಅವರು ಅಲ್ಲಿಗೇ ನಿಲ್ಲಲಿಲ್ಲ. ಫ್ರೆಂಚಿನಲ್ಲಿ ಹಟ್ಟಿಯಲ್ಲಿರುವ ಕುರಿಗೂ ತಟ್ಟೆಯಲ್ಲಿರುವ ಕುರಿಮಾಂಸಕ್ಕೂ ಒಂದೇ ಪದ, ಇಂಗ್ಲಿಷಿನಲ್ಲಿ ಎರಡು. ಆದ್ದರಿಂದ ಫ್ರೆಂಚಿನ ಪದಕ್ಕೂ ಇಂಗ್ಲಿಷಿನ ಪದಕ್ಕೂ ಬೆಲೆ ಒಂದೇ ಅಲ್ಲ ಅಂದರು. ನಮ್ಮಲ್ಲಿ ನೆಲ್ಲು ಕುಟ್ಟಿದರೆ ಅಕ್ಕಿ, ಅಕ್ಕಿ ಒಡೆದರೆ ನುಚ್ಚು, ಬೇಯಿಸಿದರೆ ಅನ್ನ, ಹುರಿದು ಅರಳಿಸಿದರೆ ಮಂಡಕ್ಕಿ. ಇಂಗ್ಲಿಷಿನವರು ಅಕ್ಕಿಗೂ ಅನ್ನಕ್ಕೂ ರೈಸ್ ಎಂದೇ ಹೇಳಿ ಮುಗಿಸುತ್ತಾರೆ. ಪಕ್ಕದಲ್ಲಿ ಅನ್ನ ಇರುವುದರಿಂದಲೇ ಅಕ್ಕಿ ಎಂದರೆ ಬೇಯಿಸದ್ದು ಎಂದು ನಮಗೆ ತಿಳಿಯುತ್ತದೆ. ನೆಲ್ಲು ಅನ್ನುವ ಪದ ಆ ಹುಡುಗನ ಮಾತಿನಲ್ಲಿ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿತ್ತು. ಅದು ತೆಲುಗಿನಿಂದ ಕಲಬೆರಕೆಯಾಗಿ ಬಂದದ್ದೂ ಅಲ್ಲ. ತೆಲುಗಿನವರು ವಡ್ಲು ಅನ್ನುತ್ತಾರೆ ಎಂದು ಈಗಷ್ಟೇ ನೋಡಿದೆವಲ್ಲ! ನೆಲ್ ಎಂಬುದು ಹಳಗನ್ನಡದ್ದೇ ಪದ, ತಮಿಳಿಗೂ ನಮಗೂ ಹಂಚಿಕೆಯಾಗಿ ಬಂದ ಆಸ್ತಿ. ಹಳೆಯ ಕನ್ನಡವನ್ನು ಉಳಿಸಿಕೊಂಡು ಬಂದ ಹುಡುಗನಿಗೆ ನಾನು ಕೆಂಪು ಗೆರೆ ಎಳೆದಿದ್ದೆ.

‘ಹೊಲದಾಗ’, ‘ಮನ್ಯಾಗ’, ‘ಕಾಲುವ್ಯಾಗ’. ಮೂರರ ಕೆಳಗೂ ಗೆರೆ ಎಳೆದೆ. ಆದರೆ ಅವನು ಹೊಲಕ್ಕೆ ಒಂದು ರೀತಿ, ಮನಿಗೆ ಇನ್ನೊಂದು ರೀತಿ ಯಾಕೆ ಮಾಡಿದ ಎಂದು ಯೋಚಿಸಲಿಲ್ಲ. ನೀವೇ ಪರೀಕ್ಷೆ ಮಾಡಿ ನೋಡಿರಿ. ನಮ್ಮ ಕಡೆ ಪುಸ್ತಕದ ಮನೆ ಮನಿ ಆಗುತ್ತದೆ, ಕೆರೆ ಕೆರಿ ಆಗುತ್ತದೆ, ತಲೆ ತಲಿ, ಎಮ್ಮೆ ಎಮ್ಮಿ, ಶಾಲೆ ಸಾಲಿ. ಪದದ ಕೊನೆಯ ಎಕಾರ ಇಕಾರವಾಗುವುದು ಒಂದೆರಡು ಪದದ ಚಾಳಿಯಲ್ಲ, ಇಡೀ ಸಾಲಿನ ನಡಿಗೆ. ಇಕಾರದಲ್ಲಿ ಮುಗಿದ ಪದಕ್ಕೆ ‘ಒಳಗೆ’ ಎನ್ನುವ ಅರ್ಥ ಸೇರಿದರೆ ಮನ್ಯಾಗ, ಕೆರ್ಯಾಗ, ಸಾಲ್ಯಾಗ. ಅಕಾರದಲ್ಲಿ ಮುಗಿದದ್ದಕ್ಕೆ ಹೊಲದಾಗ, ಗಿಡದಾಗ. ಊರು ಆದರೆ ಊರಾಗ. ಮಗು ಎಂದಾದರೂ ‘ಹೊಲ್ಯಾಗ’ ಅನ್ನುತ್ತದೆಯೆ? ‘ಮನಿದಾಗ’ ಅನ್ನುತ್ತದೆಯೆ? ಇಲ್ಲ. ಈ ನಿಯಮವನ್ನು ಅದಕ್ಕೆ ಯಾವ ಮಾಸ್ತರೂ ಕಲಿಸಿಲ್ಲ, ಯಾವ ಪುಸ್ತಕವೂ ಹೇಳಿಲ್ಲ. ಮೊನ್ನೆ ಮೊನ್ನೆ ಊರಿಗೆ ಬಂದ ಪದಗಳೂ ಬಾಯಿ ಮುಚ್ಚಿಕೊಂಡು ಅದೇ ನಿಯಮಕ್ಕೆ ನಡೆಯುತ್ತವೆ. ಲಾರಿ ಬಂದರೆ ಲಾರ್ಯಾಗ, ಆಟೋ ಬಂದರೆ ಆಟೋದಾಗ. ಜನರೆಲ್ಲರ ತಲೆಯಲ್ಲಿ ಹಂಚಿಹೋಗಿರುವ, ಆದರೆ ಯಾರೊಬ್ಬರ ತಲೆಯಲ್ಲೂ ಪೂರ್ತಿಯಾಗಿ ಇರದ ಈ ವ್ಯವಸ್ಥೆಗೇ ಸೊಸ್ಯೂರ್ ‘ಲಾಂಗ್’ ಎಂದು ಹೆಸರಿಟ್ಟರು. ಆ ಗಳಿಗೆಗೆ ಒಬ್ಬರ ಬಾಯಿಂದ ಹೊರಬೀಳುವ ಮಾತು ‘ಪರೋಲ್’. ಪರೀಕ್ಷೆಗೆ ಉರು ಹೊಡೆದ ಆ ಎರಡು ಶಬ್ದ ನಮ್ಮ ‘ಮನ್ಯಾಗ’ ಇದ್ದವು.

ಕ್ರಿಯಾಪದ ನೋಡಿರಿ. ‘ಬಂದ’ ಅಂದರೆ ಬಂದದ್ದು ಮುಗಿಯಿತು. ‘ಬಂದಾನ’ ಅಂದರೆ ಬಂದು ಇಲ್ಲೇ ಇದ್ದಾನೆ. ‘ಬರ್ತಾನ’ ಅಂದರೆ ಇನ್ನು ಬರುವವ. ‘ಬರಾಕತ್ಯಾನ’ ಅಂದರೆ ದಾರಿಯಲ್ಲಿದ್ದಾನೆ. ನಾಲ್ಕು ರೂಪ, ನಾಲ್ಕು ಬೆಲೆ, ಒಂದು ಇನ್ನೊಂದರ ಜಾಗಕ್ಕೆ ಕಾಲಿಡುವುದಿಲ್ಲ. ‘ಬರಾಕತ್ಯಾನ’ ಎನ್ನುವುದರೊಳಗೆ ‘ಹತ್ತು’ ಕೂತಿದೆ. ಕೆಲಸಕ್ಕೆ ಹತ್ತಿದ್ದಾನೆ, ಅಳಲು ಹತ್ತಿದ ಎನ್ನುವಾಗಿನ ಹತ್ತು. ಅದನ್ನು ‘ಬರುತ್ತಿದ್ದಾನೆ’ ಎಂದು ತಿದ್ದುವಾಗ ಒಂದು ವ್ಯವಸ್ಥೆಯ ಕಾಯಿಯನ್ನು ಎತ್ತಿ ಇನ್ನೊಂದು ವ್ಯವಸ್ಥೆಯ ಕಾಯಿ ಇಡುತ್ತಿದ್ದೇವೆ. ಅದಕ್ಕೆ ಅನುವಾದ ಎಂದು ಹೆಸರು. ತಿದ್ದುಪಡಿ ಎಂದು ಕರೆದರೆ ಮಗುವಿಗೆ ಸುಳ್ಳು ಹೇಳಿದಂತೆ.

‘ಹಾಗಾದರೆ ತಪ್ಪು ಎನ್ನುವುದೇ ಇಲ್ಲವೆ?’ ಎಂದು ನೀವು ಕೇಳುತ್ತೀರಿ. ಇದೆ. ‘ಅವ್ವ ಬಂದಾನ’ ಅನ್ನುವುದು ತಪ್ಪು. ಗಂಗಾವತಿಯಲ್ಲೂ ತಪ್ಪು, ಕುಷ್ಟಗಿಯಲ್ಲೂ ತಪ್ಪು. ಆ ತಪ್ಪನ್ನು ನಮ್ಮ ಯಾವ ಮಗುವೂ ಮಾಡುವುದಿಲ್ಲ. ಅದರ ಮಾತಿಗೆ ಅದರದೇ ಕಟ್ಟುನಿಟ್ಟಿನ ವ್ಯಾಕರಣ ಇದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಸಾಲಿಯ ವ್ಯಾಕರಣದಲ್ಲಿ ನಾವು ಏನು ಕಲಿಸುತ್ತೇವೆ ಎನ್ನುವುದನ್ನೂ ನೋಡೋಣ. ತೃತೀಯಾ ‘ಇಂದ’, ಪಂಚಮೀ ‘ದೆಸೆಯಿಂದ’ ಎಂದು ಹಾಡಿನಂತೆ ಹೇಳಿಸುತ್ತೇವೆ. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾರಾದರೂ ಮಾತಾಡುವುದನ್ನು ಕೇಳಿದ್ದೀರಾ? ಸಂಸ್ಕೃತದಲ್ಲಿ ತೃತೀಯೆಗೂ ಪಂಚಮಿಗೂ ರೂಪಗಳು ಬೇರೆ ಬೇರೆ ಇವೆ, ಆದ್ದರಿಂದ ಅಲ್ಲಿ ಎರಡು ವಿಭಕ್ತಿ. ಪುಸ್ತಕದ ಕನ್ನಡದಲ್ಲಿ ಕೊಡಲಿಯಿಂದ ಕಡಿದ, ಮರದಿಂದ ಬಿದ್ದ ಎರಡಕ್ಕೂ ಒಂದೇ ‘ಇಂದ’. ವ್ಯತ್ಯಾಸ ಇಲ್ಲದ ಕಡೆ ಎರಡು ಮನೆ ಕಟ್ಟಬಾರದು ಎನ್ನುವುದು ಸೊಸ್ಯೂರ್ ಕಲಿಸುವ ಮೊದಲ ಪಾಠ. ಡಿ.ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದು ಪುಸ್ತಕ ಬರೆದು ವಾದಿಸಿದ್ದು ಇದನ್ನೇ. ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ದು ನಮ್ಮ ಮಾತಿನ ನಿಜವಾದ ಕಟ್ಟನ್ನು ನಾವು ನೋಡದೇ ಹೋದೆವು ಎಂದರು.

ನಮ್ಮ ಕಡೆಯ ಮಾತಿನಲ್ಲಿ ಇನ್ನೊಂದು ಸಂಗತಿ ಇದೆ. ‘ಕೊಡ್ಲಿಲೆ ಕಡದ’, ‘ಕೈಲೆ ಎತ್ತಿದ’ ಅನ್ನುತ್ತೇವೆ. ‘ಗಿಡದಿಂದ ಬಿದ್ದ’, ‘ಊರಿಂದ ಬಂದ’ ಅನ್ನುತ್ತೇವೆ. ಸಾಧನಕ್ಕೆ ‘ಲೆ’, ಬಿಟ್ಟುಬಂದ ಜಾಗಕ್ಕೆ ‘ಇಂದ’. ಪಠ್ಯಪುಸ್ತಕ ‘ದೆಸೆಯಿಂದ’ ಅಂತ ಇಲ್ಲದ್ದನ್ನು ತಂದು ತೋರಿಸಲು ಹೆಣಗುವ ಆ ಭೇದ ಹಿಂದಿನ ಬೆಂಚಿನ ಹುಡುಗನ ಬಾಯಲ್ಲಿ ಮೊದಲೇ ಇದೆ. ನಾವು ಅದನ್ನೂ ತಪ್ಪೆಂದು ಹೊಡೆದು, ಆಮೇಲೆ ‘ದೆಸೆಯಿಂದ’ ಉರು ಹೊಡೆಯಿರಿ ಅನ್ನುತ್ತೇವೆ.

ಮಾತಿನ ಕಟ್ಟನ್ನು ನೋಡುವ ಈ ಅಧ್ಯಯನ ನಮ್ಮ ನಾಡಿಗೆ ಬಂದು ಎಷ್ಟೋ ಕಾಲವಾಯಿತು. 1950ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಸ್.ಎಂ. ಕತ್ರೆಯವರ ಮುಂದಾಳತ್ವದಲ್ಲಿ ಭಾಷಾವಿಜ್ಞಾನದ ಬೇಸಿಗೆ ಶಿಬಿರಗಳು ನಡೆದವು. ಅಮೆರಿಕದಿಂದ ಬಂದ ವಿಲಿಯಂ ಬ್ರೈಟ್ ಪುಸ್ತಕದ ಕನ್ನಡವನ್ನು ಬದಿಗಿಟ್ಟು, ಜನ ಆಡುವ ಕನ್ನಡದ ಕಟ್ಟನ್ನೇ ವಿವರಿಸಿ 1958ರಲ್ಲಿ ಪುಸ್ತಕ ಪ್ರಕಟಿಸಿದರು. ಧಾರವಾಡದಲ್ಲಿ ಆರ್.ಸಿ. ಹಿರೇಮಠರು 1961ರಲ್ಲಿ ಕನ್ನಡದ ರಚನೆಯ ಮೇಲೆ ಇಂಗ್ಲಿಷಿನಲ್ಲಿ ಗ್ರಂಥ ತಂದರು. ಎ.ಕೆ. ರಾಮಾನುಜನ್ ಕವಿಯೆಂದು ನಮಗೆ ಗೊತ್ತು, ಅವರು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದದ್ದು ಕನ್ನಡದ ವ್ಯಾಕರಣದ ಮೇಲೆ. ಅದೇ ದಶಕದಲ್ಲಿ ಡೆಕ್ಕನ್ ಕಾಲೇಜು ಗುಲ್ಬರ್ಗಾ ಕನ್ನಡ, ನಂಜನಗೂಡು ಕನ್ನಡ ಎಂದು ಒಂದೊಂದು ಸೀಮೆಯ ಮಾತಿನ ಮೇಲೆ ಪುಸ್ತಕಗಳನ್ನು ಹೊರತಂದಿತು. 1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನ ಶುರುವಾಯಿತು. ವಿದ್ವಾಂಸರು ನಮ್ಮ ಜನರ ಮಾತಿನಲ್ಲಿ ವ್ಯಾಕರಣ ಹುಡುಕಿ ಪುಸ್ತಕ ಬರೆಯುತ್ತಿದ್ದ ವರ್ಷಗಳಲ್ಲೇ, ಅದೇ ಮಾತನ್ನು ಆಡಿದ್ದಕ್ಕೆ ಮಕ್ಕಳು ಸಾಲಿಯಲ್ಲಿ ಕೈಚಾಚಿ ಪೆಟ್ಟು ತಿಂದರು. ವಿಶ್ವವಿದ್ಯಾಲಯದಿಂದ ಹಳ್ಳಿ ಸಾಲಿಗೆ ಬರುವ ದಾರಿಯಲ್ಲಿ ಆ ತಿಳಿವಳಿಕೆ ಎಲ್ಲೋ ಇಳಿದುಹೋಯಿತು.

ನಮ್ಮ ನೆಲದ ನೆನಪು ಇನ್ನೂ ಹಿಂದಕ್ಕೆ ಹೋಗುತ್ತದೆ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳ ಹೆಸರು ಹಿಡಿಯುತ್ತದೆ. ಕಿಸುವೊಳಲು, ಪುಲಿಗೆರೆ, ಒಂಕುಂದ, ಕೊಪಣ. ಆ ಕೊಪಣವೇ ನಮ್ಮ ಕೊಪ್ಪಳ. ಅಂದು ತಿರುಳು ಎನಿಸಿಕೊಂಡ ಸೀಮೆಯ ಮಕ್ಕಳಿಗೆ ಇಂದು ‘ನಿಮ್ಮದು ಒರಟು ಕನ್ನಡ’ ಎಂದು ಹೇಳುತ್ತಿದ್ದೇವೆ.

ಆದರೆ ಈ ಮಾತನ್ನು ಎದೆಯುಬ್ಬಿಸಿ ಹೇಳಲು ನನಗೆ ಮನಸ್ಸಿಲ್ಲ. ನಮ್ಮದೇ ತಿರುಳು, ಉಳಿದವರದು ಸಿಪ್ಪೆ ಎಂದರೆ ಅದೇ ತಪ್ಪನ್ನು ತಿರುಗಿಸಿ ಮಾಡಿದಂತೆ. ಸೊಸ್ಯೂರ್ ಇದನ್ನೂ ಬಿಡಿಸಿದ್ದಾರೆ. ಹಲವು ಸೀಮೆಯ ಮಾತುಗಳಲ್ಲಿ ಒಂದು ಬರಹದ ಭಾಷೆಯಾಗಿ ಮೇಲೇರುವುದಕ್ಕೆ ಕಾರಣ ಆ ಮಾತಿನೊಳಗೆ ಇರುವುದಿಲ್ಲ. ಅರಮನೆ ಎಲ್ಲಿತ್ತು, ಕಚೇರಿ ಎಲ್ಲಿತ್ತು, ಓದಿದವರು ಎಲ್ಲಿ ಕೂತರು ಎನ್ನುವುದು ಅದನ್ನು ನಿರ್ಧರಿಸುತ್ತದೆ.

ಇದನ್ನು ಕೊಪ್ಪಳಕ್ಕಿಂತ ಚೆನ್ನಾಗಿ ಬಲ್ಲ ಊರು ಯಾವುದು? ಗವಿಮಠದ ಬೆಟ್ಟದ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕನ ಶಾಸನ ಇದೆ, ಭಾಷೆ ಪ್ರಾಕೃತ. ಆಮೇಲೆ ರಾಷ್ಟ್ರಕೂಟರ, ಚಾಲುಕ್ಯರ ಕನ್ನಡ ಬಂತು. ನಿಜಾಮನ ಕಾಲದಲ್ಲಿ ಕಚೇರಿಯ ಭಾಷೆ ಉರ್ದು ಆಯಿತು. 1948ರಲ್ಲಿ ಹೈದರಾಬಾದ್ ಸೇರ್ಪಡೆಯಾಗಿ, 1956ರಲ್ಲಿ ಕನ್ನಡ ನಾಡು ಒಂದಾದಾಗ ಪುಸ್ತಕದ ಕನ್ನಡ ಬಂತು. ಆ ಪುಸ್ತಕದ ಕನ್ನಡ ಮೈಸೂರು ಕಡೆಯ ಓದಿದವರ ಮಾತಿಗೆ ಹತ್ತಿರ, ನಮ್ಮ ಮಾತಿಗೆ ದೂರ. ಕಚೇರಿಯ ಭಾಷೆ ಮತ್ತೆ ಮತ್ತೆ ಬದಲಾಯಿತು. ಅಡುಗೆಮನೆಯ ಮಾತು ತನ್ನ ದಾರಿಯಲ್ಲಿ ನಡೆದುಬಂತು. ದಾರಿಯಲ್ಲಿ ಅದೂ ಬದಲಾಗಿದೆ.

ಬದಲಾವಣೆಯನ್ನು ಕೆಡುಕು ಎನ್ನುವವರಿಗೆ ಕೇಶಿರಾಜನನ್ನು ನೆನಪಿಸುತ್ತೇನೆ. ಹದಿಮೂರನೇ ಶತಮಾನದ ಶಬ್ದಮಣಿದರ್ಪಣದಲ್ಲಿ ಅವನು ‘ೞ’ ಇರುವ ಪದಗಳ ಪಟ್ಟಿಯನ್ನೇ ಕೊಡುತ್ತಾನೆ. ಪಟ್ಟಿ ಕೊಡಬೇಕಾಯಿತು ಎಂದರೆ ಜನರ ಕಿವಿಯಲ್ಲಿ ಆ ಧ್ವನಿ ಅಳಿಯತೊಡಗಿತ್ತು ಎಂದೇ ಅರ್ಥ. ಅದಕ್ಕೆ ಮೊದಲು ‘ಬಾಳ್’ ಎಂದರೆ ಕತ್ತಿ, ‘ಬಾೞ್’ ಎಂದರೆ ಬದುಕು. ಒಂದು ಧ್ವನಿಯ ಅಂತರದಲ್ಲಿ ಎರಡು ಪದ ನಿಂತಿದ್ದವು. ಆ ಅಂತರ ಅಳಿಸಿತು, ಎರಡೂ ಒಂದೇ ಉಚ್ಚಾರವಾದವು. ಕನ್ನಡ ಸಾಯಲಿಲ್ಲ. ಕತ್ತಿಗೆ ಬೇರೆ ಪದ ಹಿಡಿದುಕೊಂಡು, ಬದುಕಿಗೆ ‘ಬಾಳು’ ಉಳಿಸಿಕೊಂಡಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಇವತ್ತು ಹಾಲು ಎನ್ನುವುದಕ್ಕೆ ನಾವು ಯಾರೂ ಕೆಂಪು ಗೆರೆ ಎಳೆಯುವುದಿಲ್ಲ. ಪಕಾರ ಹಕಾರವಾದದ್ದು ಶಿಷ್ಟ, ಮನೆ ಮನಿಯಾದದ್ದು ಭ್ರಷ್ಟ ಎಂದು ಹೇಳಲು ಯಾವ ಶಾಸ್ತ್ರದಲ್ಲಿ ಆಧಾರವಿದೆ? ಎರಡೂ ಒಂದೇ ಬಗೆಯ ಬದಲಾವಣೆ. ಒಂದಕ್ಕೆ ಅಚ್ಚುಮೊಳೆ ಸಿಕ್ಕಿತು, ಇನ್ನೊಂದಕ್ಕೆ ಸಿಗಲಿಲ್ಲ.

ಬರಹದ ಮೇಲೆ ನಮಗಿರುವ ಈ ಮೋಹವನ್ನು ಸೊಸ್ಯೂರ್ ಚೆನ್ನಾಗಿ ಬಲ್ಲವರಾಗಿದ್ದರು. ಒಬ್ಬ ಮನುಷ್ಯನನ್ನು ತಿಳಿಯಲು ಅವನ ಮುಖ ನೋಡುವುದಕ್ಕಿಂತ ಫೋಟೊ ನೋಡುವುದೇ ಮೇಲು ಎಂದುಕೊಂಡ ಹಾಗೆ ಇದು ಎಂಬ ಅರ್ಥದಲ್ಲಿ ಅವರು ಹೇಳಿದ್ದಾರೆ. ಆ ಮುಖ, ಆ ಫೋಟೊ ಎರಡನ್ನೂ ನಾವು ಒಮ್ಮೆ ಒಟ್ಟಿಗೆ ನೋಡಿದ್ದೇವೆ. 2011ರ ಡಿಸೆಂಬರಿನಲ್ಲಿ ನಮ್ಮ ಗಂಗಾವತಿಯಲ್ಲೇ 78ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಸಿ.ಪಿ. ಕೃಷ್ಣಕುಮಾರ್ ಅಧ್ಯಕ್ಷರಾಗಿದ್ದರು. ನಾಡಿನ ಮೂಲೆಮೂಲೆಯಿಂದ ಕನ್ನಡ ಬಂದು ನಮ್ಮೂರಿನಲ್ಲಿ ಇಳಿದಿತ್ತು. ವೇದಿಕೆಯ ಮೇಲೆ ಫೋಟೊದ ಕನ್ನಡ, ಊಟದ ಪಾಳಿಯಲ್ಲಿ ಮುಖದ ಕನ್ನಡ. ಐತಿ, ಅದ, ಐತೆ, ಉಂಟು ಎಲ್ಲ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದವು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಯಾರೂ ಹಸಿದು ಹೋಗಲಿಲ್ಲ.

ನನ್ನನ್ನು ತಪ್ಪು ತಿಳಿಯಬೇಡಿ. ಪುಸ್ತಕದ ಕನ್ನಡ ಬೇಡ ಎನ್ನುತ್ತಿಲ್ಲ. ಎಸ್ಸೆಸ್ಸೆಲ್ಸಿ ಅದರಲ್ಲೇ ಬರೆಯಬೇಕು, ಅರ್ಜಿ ಅದರಲ್ಲೇ ಹಾಕಬೇಕು, ಬೀದರಿನವರಿಗೂ ಚಾಮರಾಜನಗರದವರಿಗೂ ಒಟ್ಟಿಗೆ ಓದಿಸಿಕೊಳ್ಳಬೇಕಾದರೆ ಅದು ಬೇಕು. ಅದನ್ನು ಕಲಿಸದೆ ಬಿಟ್ಟರೆ ಬಡವರ ಮಕ್ಕಳಿಗೇ ನಷ್ಟ. ಸೊಸ್ಯೂರ್ ಎಲ್ಲವನ್ನೂ ಹೇಳಿ ಮುಗಿಸಿದರು ಎಂದೂ ನಾನು ಹೇಳುವುದಿಲ್ಲ. ವ್ಯವಸ್ಥೆಯ ಮೇಲೆ ಕಣ್ಣಿಟ್ಟು ಆಡುವ ಮನುಷ್ಯನನ್ನು ಅವರು ಸ್ವಲ್ಪ ಬದಿಗೆ ಸರಿಸಿದರು. ಯಾರು, ಯಾರ ಮುಂದೆ, ಯಾವ ಜಾತಿಯವರಾಗಿ ಮಾತಾಡುತ್ತಾರೆ ಎನ್ನುವುದನ್ನು ಆಮೇಲೆ ಬಂದ ಬ್ರೈಟ್, ರಾಮಾನುಜನ್ ಅಂಥವರು ಎತ್ತಿಕೊಂಡರು. ಆದರೂ ಸೊಸ್ಯೂರರನ್ನು ಓದಿದ ಮೇಲೆ ಒಂದು ವಿಷಯದಲ್ಲಿ ಹಿಂದಕ್ಕೆ ಹೋಗಲಾಗದು. ಮಗು ಸಾಲಿಗೆ ಬರುವಾಗ ಖಾಲಿ ಪಾಟಿಯಾಗಿ ಬರುವುದಿಲ್ಲ. ಪೂರ್ತಿ ಕಟ್ಟಿದ ಒಂದು ಭಾಷೆಯನ್ನು ಹೊತ್ತುಕೊಂಡು ಬರುತ್ತದೆ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮಕ್ಕಳ ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ ಎಳೆಸಿರಿ. ಎಡಕ್ಕೆ ‘ಮನಿ ಮಾತು’, ಬಲಕ್ಕೆ ‘ಪುಸ್ತಕದ ಮಾತು’. ಎಡಕ್ಕೆ ಬರಾಕತ್ತೈತಿ, ಬಲಕ್ಕೆ ಬರುತ್ತಿದೆ. ಎಡಕ್ಕೆ ಕೊಡ್ಲಿಲೆ, ಬಲಕ್ಕೆ ಕೊಡಲಿಯಿಂದ. ಎರಡೂ ನೀಲಿ ಶಾಯಿಯಲ್ಲಿ. ಯಾವುದು ಎಲ್ಲಿ ಸಲ್ಲುತ್ತದೆ ಎಂದು ಮಕ್ಕಳನ್ನೇ ಕೇಳಿರಿ, ನಿಯಮವನ್ನು ಅವರಿಂದಲೇ ಹೊರಡಿಸಿರಿ. ‘ಮನ್ಯಾಗ’ ಯಾಕೆ, ‘ಹೊಲದಾಗ’ ಯಾಕೆ ಎಂದು ಒಂದು ಮಗು ತಾನೇ ಕಂಡುಕೊಂಡ ದಿನ ನಿಮ್ಮ ತರಗತಿಯಲ್ಲಿ ಭಾಷಾವಿಜ್ಞಾನ ನಡೆದಂತೆ. ಕ್ಯಾಂಪಿನಿಂದ ಬರುವ ಮಗು ‘ವಡ್ಲು’ ಬರೆಯಲಿ, ತಾಂಡಾದಿಂದ ಬರುವ ಮಗು ತನ್ನ ಲಂಬಾಣಿ ಪದ ಬರೆಯಲಿ. ನಮ್ಮ ಒಂದೊಂದು ತರಗತಿಯಲ್ಲಿ ಎಷ್ಟು ವ್ಯಾಕರಣಗಳು ಕೂತಿರುತ್ತವೆ! ಅವುಗಳನ್ನು ಜೋಡಿಸಿ ನೋಡಲು ಜಿನೀವಾಕ್ಕೆ ಹೋಗಬೇಕಾಗಿಲ್ಲ.

ನೋಟ್‌ಬುಕ್ ಎಂದೆ. ಸೊಸ್ಯೂರರ ಕಥೆಯ ಕೊನೆಯ ಭಾಗವೂ ಅದೇ. ಅವರು 1907ರಿಂದ 1911ರೊಳಗೆ ಜಿನೀವಾದಲ್ಲಿ ಮೂರು ಸಲ ಸಾಮಾನ್ಯ ಭಾಷಾವಿಜ್ಞಾನದ ಪಾಠ ಮಾಡಿದರು. ಅದನ್ನು ಪುಸ್ತಕವಾಗಿ ಬರೆಯಲಿಲ್ಲ. 1913ರಲ್ಲಿ ತೀರಿಕೊಂಡ ಮೇಲೆ, ಆ ಪಾಠಗಳನ್ನು ಕೇಳಿರದ ಇಬ್ಬರು ಸಹೋದ್ಯೋಗಿಗಳು, ಬಾಯಿ (Bally) ಮತ್ತು ಸೆಶಹೇ (Sechehaye), ವಿದ್ಯಾರ್ಥಿಗಳು ಗೀಚಿಕೊಂಡಿದ್ದ ನೋಟ್‌ಬುಕ್ಕುಗಳನ್ನು ಒಟ್ಟುಮಾಡಿ, ಜೋಡಿಸಿ, 1916ರಲ್ಲಿ ಪುಸ್ತಕ ತಂದರು. ಇಪ್ಪತ್ತನೇ ಶತಮಾನದ ಭಾಷಾವಿಜ್ಞಾನದ ದಿಕ್ಕು ಬದಲಿಸಿದ್ದು ಆ ಪುಸ್ತಕ. ಸೊಸ್ಯೂರರ ಸ್ವಂತ ಕೈಬರಹದ ಹಾಳೆಗಳ ದೊಡ್ಡ ಕಟ್ಟು ಸಿಕ್ಕಿದ್ದು 1996ರಲ್ಲಿ. ಅಲ್ಲಿಯವರೆಗೆ ಜಗತ್ತು ಅವರನ್ನು ಹೆಚ್ಚಾಗಿ ತಿಳಿದದ್ದು ವಿದ್ಯಾರ್ಥಿಗಳ ನೋಟ್‌ಬುಕ್ಕಿನಿಂದ. ಆ ಹಾಳೆಗಳನ್ನು ಯಾರಾದರೂ ರದ್ದಿಗೆ ಹಾಕಿದ್ದರೆ ಈ ಪತ್ರ ಇರುತ್ತಿರಲಿಲ್ಲ.

ನನ್ನ ಹುಡುಗನ ನೋಟ್‌ಬುಕ್ ರದ್ದಿಗೆ ಹೋಗಿ ಎಷ್ಟೋ ವರ್ಷವಾಗಿರಬೇಕು. ಮೂರು ವಾಕ್ಯ ನನ್ನ ನೆನಪಿನಲ್ಲಿ ಉಳಿದಿವೆ. ನಿನ್ನೆ ಅವನ್ನು ಒಂದು ಹಾಳೆಯ ಮೇಲೆ ಬರೆದುಕೊಂಡು, ಅವತ್ತಿನಂತೆಯೇ ಒಂದೊಂದೇ ಪದ ತಿದ್ದುತ್ತ ಹೋದೆ. ಹೊಲದಾಗ ಸರಿ. ನೆಲ್ಲು ಸರಿ. ಹಚ್ಯಾನ ಸರಿ. ಅವ್ವ ಸರಿ. ಹಾಳೆಯ ಕೆಳಗೆ 11ಕ್ಕೆ 11 ಎಂದು ಬರೆದೆ. ಅವನಿಗೆ ಅದನ್ನು ತಲುಪಿಸುವ ದಾರಿ ನನಗಿಲ್ಲ. ನಿಮ್ಮ ಮೇಜಿನ ಮೇಲೆ ಇವತ್ತಿನ ನೋಟ್‌ಬುಕ್ಕುಗಳಿವೆ, ಅವುಗಳನ್ನು ಬರೆದ ಮಕ್ಕಳು ನಾಳೆ ಬೆಳಿಗ್ಗೆ ಪ್ರಾರ್ಥನೆಗೆ ಬಂದು ನಿಲ್ಲುತ್ತಾರೆ.

ಇಂತಿ ನಿಮ್ಮ,
ಒಬ್ಬ ನಿವೃತ್ತ ಕನ್ನಡ ಮಾಸ್ತರ
ಗಂಗಾವತಿ